ಚಳಿಗಾಲ ಕಳೆದ ಟ್ರೇಲರ್ ಬೆಟ್ಟ ಹತ್ತುವ ಮೊದಲು: ಮೂರು ವಾರಾಂತ್ಯಗಳ ರಿಪೇರಿ ದಾಖಲೆ

ಹೋಗಬೇಕಾದದ್ದು, ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ, ಒಳಗೆ ಅಡುಗೆಮನೆ, ಬಚ್ಚಲು ಇರುವ ಟ್ರೇಲರಿನೊಂದಿಗೆ, ಅಮೆರಿಕದ ಶಾರ್ಲಟ್‌ನಿಂದ ಸ್ಮೋಕ್‌ಮಾಂಟ್‌ಗೆ, ಏಪ್ರಿಲ್ ನಡುವಿನಲ್ಲಿ, ನಾಲ್ಕು ರಾತ್ರಿ. ಸ್ಮೋಕ್‌ಮಾಂಟ್ ಎಂಬ ಶಿಬಿರತಾಣ ಇರುವುದು ನಾರ್ತ್ ಕೆರೊಲೈನಾದ ಚೆರೋಕೀ ಊರಿನಾಚೆ, ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದೊಳಗೆ, ಸುಮಾರು 2,200 ಅಡಿ ಎತ್ತರದಲ್ಲಿ. ಅಲ್ಲಿ ಜಾಗದ ಪಕ್ಕ ಕರೆಂಟಿನ ಕಂಬವಿಲ್ಲ, ಪೈಪು ಸಿಕ್ಕಿಸಲು ನಲ್ಲಿಯಿಲ್ಲ, ಸ್ನಾನಕ್ಕೆ ಷವರ್ ಇಲ್ಲ. ಜನರೇಟರ್ ಓಡಿಸಲು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ ಅನುಮತಿ. ಹೊಳೆಯ ಪಕ್ಕ ಕುರ್ಚಿ ಹಾಕಿ ನಿಧಾನವಾಗಿ ಕಾಫಿ ಕುಡಿಯಬೇಕೆಂದರೆ ನೀರು, ಬ್ಯಾಟರಿ, ಗ್ಯಾಸು ಮೂರೂ ಮನೆಯಿಂದಲೇ ಸರಿಯಾಗಿ ಹೊರಡಬೇಕು. ಏಪ್ರಿಲ್‌ನಲ್ಲಿ ಕಣಿವೆಯ ತುಂಬ ಟ್ರಿಲಿಯಂ ಹೂ ಬಿಟ್ಟಿದ್ದರೂ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದುಂಟು.

ಗಾಡಿಯ ಜಾತಕ: 24 ಅಡಿಯ ಎಳೆಯುವ ಟ್ರೇಲರ್, 2015ರ ಮಾದರಿ. 3,500 ಪೌಂಡಿನ ಎರಡು ಆಕ್ಸಲ್, 10 ಇಂಚಿನ ಎಲೆಕ್ಟ್ರಿಕ್ ಡ್ರಮ್ ಬ್ರೇಕು. ಸಾಮಾನು ತುಂಬಿದಾಗ ತೂಕ ಸುಮಾರು 5,600 ಪೌಂಡು. 40 ಗ್ಯಾಲನ್ನಿನ ನೀರಿನ ಟ್ಯಾಂಕು, 6 ಗ್ಯಾಲನ್ನಿನ ಸಬರ್ಬನ್ ಕಂಪನಿಯ ವಾಟರ್ ಹೀಟರ್, ಒಳಗನ್ನು ಬೆಚ್ಚಗಿಡಲು ಗಂಟೆಗೆ 30,000 ಬಿಟಿಯು (ಶಾಖದ ಅಳತೆ) ಫರ್ನೇಸ್, ಗ್ಯಾಸು–ಕರೆಂಟು ಎರಡರಲ್ಲೂ ಓಡುವ ಫ್ರಿಜ್ಜು, 20 ಪೌಂಡಿನ ಎರಡು ಪ್ರೊಪೇನ್ ಸಿಲಿಂಡರ್, 6 ವೋಲ್ಟಿನ ಎರಡು ಗಾಲ್ಫ್ ಕಾರ್ಟ್ ಬ್ಯಾಟರಿ. ನವೆಂಬರಿನಲ್ಲಿ ಪೈಪುಗಳಿಗೆ ಚಳಿಗೆ ಹೆಪ್ಪುಗಟ್ಟದ ಗುಲಾಬಿ ದ್ರವ, ಆ್ಯಂಟಿಫ್ರೀಜ್, ತುಂಬಿಸಿ ನಿಲ್ಲಿಸಿದ್ದು, ಮಾರ್ಚ್ ಕೊನೆಗೆ ತೆರೆದದ್ದು.

ಕೆಲಸ ಚಕ್ರದಿಂದ ಶುರುವಾಗಬೇಕು, ನೀರಿನಿಂದಲ್ಲ. ಚಕ್ರದ ನಡುವಿನ ಹಬ್ ಬಿಚ್ಚಿದಾಗ ಯಾವ ಸಾಮಾನು ಬೇಕಾಗುತ್ತದೆಂದು ಮೊದಲೇ ಹೇಳಲಾಗದು. ಅದನ್ನು ತರಿಸಲು ಒಂದು ವಾರವಾದರೂ ಕೈಯಲ್ಲಿರಬೇಕು.

ಮೊದಲ ವಾರಾಂತ್ಯ: ಟೈರು, ಬೇರಿಂಗ್, ಬ್ರೇಕು

ಟೈರಿನ ಪಕ್ಕೆಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2318 ಎಂದಿದ್ದರೆ 2018ರ 23ನೇ ವಾರ ತಯಾರಾದದ್ದು. ಕೆಲವು ಟೈರುಗಳಲ್ಲಿ ಈ ಅಂಕಿ ಒಳಮೈಗೆ ಮಾತ್ರ ಇರುತ್ತದೆ, ಟಾರ್ಚ್ ಹಿಡಿದು ಗಾಡಿಯ ಕೆಳಗೆ ತೂರಲೇಬೇಕು. ಟ್ರೇಲರ್ ಟೈರು ಓಡಿ ಸವೆಯುವುದಕ್ಕಿಂತ ನಿಂತು ಮುದಿಯಾಗುವುದೇ ಹೆಚ್ಚು. ಐದಾರು ವರ್ಷ ದಾಟಿದ್ದರೆ ಟೈರಿನ ಮೈಮೇಲಿನ ತೋಡು ಎಷ್ಟೇ ಆಳವಾಗಿ ಉಳಿದಿರಲಿ, ಬದಲಿಸುವುದೇ ಸರಿ. ಇಲ್ಲಿದ್ದ ನಾಲ್ಕಕ್ಕೂ ಏಳು ವರ್ಷ ತುಂಬಿತ್ತು.

ಹಳೆಯವು ಎಸ್‌ಟಿ 205/75 ಆರ್14, ಲೋಡ್ ರೇಂಜ್ (ಭಾರ ತಡೆಯುವ ದರ್ಜೆ) ಸಿ: 50 ಪಿಎಸ್‌ಐ ಒತ್ತಡದಲ್ಲಿ ಒಂದೊಂದಕ್ಕೆ 1,760 ಪೌಂಡು. ನಾಲ್ಕಕ್ಕೆ 7,040 ಪೌಂಡಾಯಿತು, ಕಾಗದದ ಮೇಲೆ ಧಾರಾಳ. ಆದರೆ ಭಾರ ನಾಲ್ಕು ಚಕ್ರಕ್ಕೂ ಸಮನಾಗಿ ಹಂಚಿಕೊಳ್ಳುವುದಿಲ್ಲ. ಅಡುಗೆಮನೆ, ಫ್ರಿಜ್ಜು ಒಂದೇ ಬದಿಗಿದ್ದರೆ ಆ ಬದಿಯ ಟೈರು ಮಿತಿಯ ಹತ್ತಿರಕ್ಕೆ ಹೋಗುತ್ತದೆ. ಅದೇ ಅಳತೆಯ ಲೋಡ್ ರೇಂಜ್ ಡಿ ಹಾಕಿದರೆ 65 ಪಿಎಸ್‌ಐಗೆ 2,040 ಪೌಂಡು. ಹಾಗೆ ಮೇಲಕ್ಕೆ ಹೋಗುವ ಮುನ್ನ ರಿಮ್ಮಿನ ಒಳಗೆ ಒತ್ತಿರುವ ಮಿತಿ ನೋಡಬೇಕು. 65 ಪಿಎಸ್‌ಐ ತಡೆಯದ ರಿಮ್ಮಿಗೆ ಡಿ ಟೈರು ಹಾಕಿ ಪ್ರಯೋಜನವಿಲ್ಲ. ಗಾಳಿ ತುಂಬುವ ವಾಲ್ವಿನ ಕಡ್ಡಿಯೂ ರಬ್ಬರಿನದಲ್ಲ, ಲೋಹದ್ದಾಗಬೇಕು.

ಬೇರಿಂಗ್ ಕೆಲಸಕ್ಕೆ ಎದುರು ಬದಿಯ ಚಕ್ರಗಳಿಗೆ ಅಡೆ ಕೊಟ್ಟು, ಜ್ಯಾಕನ್ನು ಚಾಸಿಗೆ, ಅಂದರೆ ಉದ್ದ ತೊಲೆಗೆ ಕೊಡಬೇಕು. ಆಕ್ಸಲ್ ಕೊಳವೆಗೆ ಕೊಡಬಾರದು. ಅದು ಬಾಗಿದರೆ ಕಣ್ಣಿಗೆ ಕಾಣದು, ಟೈರು ಒಂದು ಕಡೆ ತಿನ್ನಲು ಶುರುವಾದ ಮೇಲೆ ಗೊತ್ತಾಗುತ್ತದೆ. ಎತ್ತಿದ ಮೇಲೆ ಸ್ಟ್ಯಾಂಡು ಕೊಡದೆ ಒಳಗೆ ಕೈ ಹಾಕುವ ಮಾತೇ ಇಲ್ಲ.

ಚಕ್ರ ತೆಗೆದು, ಗ್ರೀಸ್ ಮುಚ್ಚಳವನ್ನು ಸುತ್ತಲೂ ಸ್ವಲ್ಪ ಸ್ವಲ್ಪವೇ ತಟ್ಟಿ ಬಿಡಿಸಿ, ನಟ್ಟು ಕಳಚದಂತೆ ತಡೆಯುವ ಕಾಟರ್ ಪಿನ್ ನೇರ ಮಾಡಿ ಎಳೆದು, ನಟ್ಟು ಬಿಚ್ಚಿ ಡ್ರಮ್ಮನ್ನು ಎರಡೂ ಕೈಯಲ್ಲಿ ಎಳೆಯುವಾಗ ಹೊರ ಬೇರಿಂಗ್ ಉದುರುತ್ತದೆ. ಹೆಬ್ಬೆರಳು ಅಡ್ಡ ಕೊಟ್ಟಿದ್ದರೆ ಮಣ್ಣಿಗೆ ಬೀಳುವುದಿಲ್ಲ. ಡ್ರಮ್ ಮಗುಚಿ ಹಿಂದಿನ ಸೀಲ್ ಕಿತ್ತರೆ ಒಳ ಬೇರಿಂಗ್ ಸಿಗುತ್ತದೆ. ಈ ಆಕ್ಸಲ್‌ಗೆ ಒಳಗಿನದು ಎಲ್68149, ಹೊರಗಿನದು ಎಲ್44649, ಸೀಲ್ ಒಳ ವ್ಯಾಸ 1.719 ಇಂಚು. ನಂಬರನ್ನು ಬೇರಿಂಗ್ ಮೇಲೇ ಓದಿಕೊಂಡು ತರುವುದು ಒಳ್ಳೆಯದು, ಟ್ರೇಲರಿನ ಪುಸ್ತಕದಲ್ಲಿ ಬರೆದದ್ದಕ್ಕೂ ಒಳಗಿರುವುದಕ್ಕೂ ತಾಳೆ ಬೀಳದಿರುವುದುಂಟು.

ಸೀಮೆಎಣ್ಣೆಯಲ್ಲಿ ಹಳೆ ಗ್ರೀಸ್ ಪೂರ್ತಿ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಕಂಪ್ರೆಸರ್ ಗಾಳಿಯಿಂದ ಬೇರಿಂಗನ್ನು ಗಿರಗಿರ ತಿರುಗಿಸುವ ಚಪಲ ಬೇಡ. ಗ್ರೀಸಿಲ್ಲದೆ ಆ ವೇಗಕ್ಕೆ ತಿರುಗಿದರೆ ರೋಲರ್ ಗೀಚಿಕೊಳ್ಳುತ್ತವೆ, ಕಿತ್ತು ಹಾರಲೂಬಹುದು. ರೋಲರ್ ಮೇಲೆ ನೀಲಿ ಛಾಯೆ ಇದ್ದರೆ ಹಿಂದೆ ಕಾದಿದೆ ಎಂದರ್ಥ. ಸಣ್ಣ ಗುಳಿ, ಸಿಪ್ಪೆ ಎದ್ದಿದ್ದರೆ ರೋಲರ್‌ಗಳಿರುವ ಕೋನ್ ಮಾತ್ರವಲ್ಲ, ಡ್ರಮ್ಮಿನೊಳಗೆ ಕೂತ ‘ಕಪ್’ ಉಂಗುರವನ್ನೂ ಜೋಡಿಯಾಗಿಯೇ ಬದಲಿಸಬೇಕು. ಇಲ್ಲಿ ಎಂಟು ಬೇರಿಂಗ್‌ಗಳಲ್ಲಿ ಒಂದರಲ್ಲಿ ಮಾತ್ರ ಗುಳಿ ಕಂಡಿತು. ಸೀಲ್‌ಗಳು ಹೇಗೂ ನಾಲ್ಕೂ ಹೊಸವು. ಒಮ್ಮೆ ಕಿತ್ತ ಸೀಲನ್ನು ಮತ್ತೆ ಕೂರಿಸಬಾರದು.

ಹಿಂದಿನ ಬಲ ಚಕ್ರದಲ್ಲಿ ಕಥೆ ಬೇರೆ. ಡ್ರಮ್ ತೆಗೆದಾಗ ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಬ್ರೇಕ್ ಶೂಗಳು ಗ್ರೀಸಿನಲ್ಲಿ ನೆನೆದಿದ್ದವು. ಈ ಆಕ್ಸಲ್ ತುದಿಯಲ್ಲಿ ಗ್ರೀಸ್ ನಿಪ್ಪಲ್ ಇದೆ, ಗನ್ ಸಿಕ್ಕಿಸಿ ಒತ್ತಿದರೆ ಸಾಕು, ಬಿಚ್ಚುವ ಕೆಲಸವಿಲ್ಲ ಎಂಬ ಸೌಲಭ್ಯ. ಅವಸರದಲ್ಲಿ, ಚಕ್ರ ತಿರುಗಿಸದೆ, ಜೋರಾಗಿ ಒತ್ತಿದರೆ ಗ್ರೀಸ್ ಮುಂದಕ್ಕೆ ಬರುವ ಬದಲು ಹಿಂದಿನ ಸೀಲ್ ದಾಟಿ ಡ್ರಮ್ಮಿಗೆ ಇಳಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ; ಆ ಚಕ್ರಕ್ಕೆ ಬ್ರೇಕೇ ಇಲ್ಲದಂತಾಗುತ್ತದೆ, ಅಷ್ಟೆ. ಗ್ರೀಸ್ ಹೀರಿದ ಶೂವನ್ನು ಪೆಟ್ರೋಲ್ ಹಾಕಿ ಎಷ್ಟು ಒರೆಸಿದರೂ ಬಿಸಿಯಾದಾಗ ಮತ್ತೆ ಒಸರುತ್ತದೆ. ಅದೇ ಆಕ್ಸಲ್‌ನ ಎರಡೂ ಬದಿಗೆ ಹೊಸ ಶೂ ಬೇಕು, ಇಲ್ಲದಿದ್ದರೆ ಬ್ರೇಕು ಒಂದು ಪಕ್ಕಕ್ಕೆ ಎಳೆಯುತ್ತದೆ. ಬಿಡಿ ಶೂಗಿಂತ ತಟ್ಟೆ ಸಮೇತ ಪೂರ್ತಿ ಜೋಡಣೆ ತರಿಸಿದ್ದೇ ಸುಲಭವಾಯಿತು: ನಾಲ್ಕು ಬೋಲ್ಟು, ಎರಡು ತಂತಿ. ಎಡಕ್ಕೆ ಬೇರೆ, ಬಲಕ್ಕೆ ಬೇರೆ ಬರುತ್ತದೆ. ಲೈನಿಂಗ್ (ಉಜ್ಜುವ ಪದರ) ಗಿಡ್ಡವಿರುವ ಶೂ ಗಾಡಿಯ ಮುಂದಿಕ್ಕಿಗೆ ಬಂದರೆ ಸರಿಯಾಗಿ ಕೂತಿದೆ ಎಂದರ್ಥ.

ಗ್ರೀಸ್ ಕೈಯಿಂದಲೇ ತುಂಬಿದ್ದು, ಲಿಥಿಯಂ ಕಾಂಪ್ಲೆಕ್ಸ್, ಎನ್‌ಎಲ್‌ಜಿಐ 2. ಅಂಗೈಯಲ್ಲಿ ನಿಂಬೆಹಣ್ಣಿನ ಗಾತ್ರದ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಗಲ ಬದಿಯಿಂದ ಒತ್ತುತ್ತಾ ಹೋಗಬೇಕು, ಇನ್ನೊಂದು ಬದಿಯಲ್ಲಿ ರೋಲರ್‌ಗಳ ಸಂದಿನಿಂದ ಎಳೆ ಎಳೆಯಾಗಿ ಹೊರಬರುವವರೆಗೆ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಬಾರದು. ಕೆಲವು ಬೆರೆತಾಗ ನೀರಾಗಿ ಹರಿಯುತ್ತವೆ.

ನಟ್ಟು ಬಿಗಿಸುವಲ್ಲಿ ತಪ್ಪುವವರೇ ಹೆಚ್ಚು. ಡ್ರಮ್ ತಿರುಗಿಸುತ್ತಲೇ 50 ಅಡಿ-ಪೌಂಡಿಗೆ (ಬಿಗಿತದ ಅಳತೆ) ಬಿಗಿಸಿ, ಆಮೇಲೆ ಡ್ರಮ್ ತಿರುಗಿಸದೆ ನಟ್ಟನ್ನು ಸಡಿಲಿಸಿ, ಬರೀ ಬೆರಳಿನಿಂದ ತಾಗುವಷ್ಟು ಮತ್ತೆ ತಿರುಗಿಸಬೇಕು. ಪಿನ್ನಿನ ತೂತು ಎದುರಾಗದಿದ್ದರೆ ನಟ್ಟನ್ನು ಹಿಂದಕ್ಕೆ ಬಿಡಬೇಕೇ ಹೊರತು ಮುಂದಕ್ಕೆ ಬಿಗಿಸಬಾರದು. ಬಿಗಿಯಾದ ಬೇರಿಂಗ್ ಹೆದ್ದಾರಿಯಲ್ಲಿ ಸುಟ್ಟುಹೋಗುತ್ತದೆ. ಬ್ರೇಕ್ ಹೊಂದಿಸಲು ತಟ್ಟೆಯ ಹಿಂದಿನ ಕಿಂಡಿಯಿಂದ ನಕ್ಷತ್ರ ಚಕ್ರವನ್ನು ತಿರುಗಿಸಿ, ಡ್ರಮ್ ಕಷ್ಟದಿಂದ ತಿರುಗುವಷ್ಟು ಬಿಗಿ ಮಾಡಿ, ಆಮೇಲೆ ಸಣ್ಣಗೆ ಉಜ್ಜುವ ಸದ್ದು ಮಾತ್ರ ಉಳಿಯುವವರೆಗೆ ಬಿಡಬೇಕು.

ಮ್ಯಾಗ್ನೆಟ್‌ಗಳು (ಕರೆಂಟು ಬಂದಾಗ ಬ್ರೇಕ್ ಶೂ ಒತ್ತಿಸುವವು) ಬದುಕಿವೆಯೇ ಎಂದು ತಿಳಿಯಲು ಒಂದು ಸಲೀಸು ಉಪಾಯವಿದೆ. 10 ಇಂಚಿನ ಬ್ರೇಕಿನ ಒಂದು ಮ್ಯಾಗ್ನೆಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ, ನಾಲ್ಕಕ್ಕೆ 12. ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕು ಹಿಡಿಯುವ ಬ್ರೇಕ್‌ಅವೇ ಸ್ವಿಚ್ಚಿನ ಪಿನ್ ಎಳೆದು, ಬ್ಯಾಟರಿಯಿಂದ ಹೊರಡುವ ತಂತಿಗೆ ಡಿಸಿ ಕ್ಲಾಂಪ್ ಮೀಟರ್ ಹಾಕಿದರೆ ಲೆಕ್ಕ ಅಲ್ಲೇ ಸಿಗುತ್ತದೆ. ಅದೇ ಹೊತ್ತಿಗೆ ಆ ಸ್ವಿಚ್ಚೂ ಕೆಲಸ ಮಾಡುತ್ತಿದೆ ಎಂದು ಖಾತ್ರಿಯಾಗುತ್ತದೆ. ಪಿನ್ನನ್ನು ಅರ್ಧ ನಿಮಿಷದೊಳಗೆ ವಾಪಸು ಹಾಕಬೇಕು. ಇಲ್ಲಿ ಬಂದದ್ದು 9 ಆಂಪಿಯರ್, ಅಂದರೆ ಒಂದು ಚಕ್ರ ಸತ್ತಿದೆ. ಮುಂದಿನ ಎಡ ಚಕ್ರದಲ್ಲಿ ಮ್ಯಾಗ್ನೆಟ್ ಸರಿಯಾಗಿಯೇ 3.2 ಓಮ್ ತೋರಿಸಿತು, ಅದಕ್ಕೆ ಬರುವ ತಂತಿಯ ಜೋಡಣೆಯೊಳಗೆ ತಾಮ್ರ ಹಸಿರಾಗಿ ಪುಡಿಯಾಗಿತ್ತು. ಕತ್ತರಿಸಿ, ಒಳಗೆ ಅಂಟಿರುವ ಹೀಟ್‌ಶ್ರಿಂಕ್ ಕನೆಕ್ಟರ್ ಹಾಕಿದ ಮೇಲೆ 12ಕ್ಕೆ ಬಂತು. ನೀರು ರಾಚುವ ಜಾಗದಲ್ಲಿ ಬರೀ ಟೇಪು ಸುತ್ತಿದ ಜೋಡಣೆ ಒಂದು ಮಳೆಗಾಲಕ್ಕೂ ಬಾಳುವುದಿಲ್ಲ.

ಚಕ್ರದ ನಟ್ಟುಗಳು ಅರ್ಧ ಇಂಚಿನ ಸ್ಟಡ್ಡಿಗೆ: ನಕ್ಷತ್ರ ಬಿಡಿಸುವ ಕ್ರಮದಲ್ಲಿ ಮೊದಲ ಸುತ್ತು 20–25, ಎರಡನೆಯದು 50–60, ಕೊನೆಯದು 90–120 ಅಡಿ-ಪೌಂಡು. ಹೊರಟ ಮೇಲೆ 10, 25, 50 ಮೈಲಿಗೆ ಮತ್ತೆ ಟಾರ್ಕ್ ವ್ರೆಂಚ್ ಹಾಕಬೇಕು. ಹೊಸ ಟೈರಿಗೆಂದು ರಿಮ್ ಬಿಚ್ಚಿ ಹಾಕಿದ್ದರಂತೂ ಇದನ್ನು ಮರೆಯಲೇಬಾರದು.

ಎರಡನೆಯ ವಾರಾಂತ್ಯ: ನೀರು

ಗುಲಾಬಿ ಆ್ಯಂಟಿಫ್ರೀಜ್ ಪ್ರೊಪಿಲೀನ್ ಗ್ಲೈಕಾಲ್, ವಿಷವಲ್ಲ. ಕಾರಿನ ರೇಡಿಯೇಟರಿಗೆ ಸಾಮಾನ್ಯವಾಗಿ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದು ಈ ಪೈಪುಗಳ ಹತ್ತಿರ ಸುಳಿಯಬಾರದು. ವಿಷವಲ್ಲದಿದ್ದರೂ ಗುಲಾಬಿಯದಕ್ಕೆ ಕೆಟ್ಟ ರುಚಿಯಿದೆ, ಸ್ವಲ್ಪ ಉಳಿದರೂ ಮಾರನೆಯ ಬೆಳಿಗ್ಗೆ ಫಿಲ್ಟರ್ ಕಾಫಿ ಕೆಡುತ್ತದೆ.

ತೆರೆಯುವ ಕ್ರಮ ಹೀಗೆ: ತಳದ ಡ್ರೈನ್‌ಗಳನ್ನೆಲ್ಲ ಬಿಚ್ಚಿ ಪೈಪು ಖಾಲಿ ಮಾಡಿ, ಮುಚ್ಚಿ. ಪಂಪಿನ ಹಿಂದೆ ಆ್ಯಂಟಿಫ್ರೀಜ್ ಹೀರಲು ತಿರುಗಿಸಿದ್ದ ವಾಲ್ವನ್ನು ಟ್ಯಾಂಕಿನ ಕಡೆಗೆ ತಿರುಗಿಸಿ. ಇದನ್ನು ಮರೆತರೆ ಪಂಪು ಗಾಳಿ ಹೀರುತ್ತಾ ಗರಗರ ಎನ್ನುತ್ತದೆ, ಹೊಸ ಪಂಪು ಕೊಳ್ಳುವವರೆಗೂ ಕಾರಣ ಹೊಳೆಯದವರಿದ್ದಾರೆ. ವಾಟರ್ ಹೀಟರನ್ನು ತಪ್ಪಿಸಿ ನೀರು ಹರಿಸುವ ಬೈಪಾಸ್ ವಾಲ್ವು ಮಾತ್ರ ಇನ್ನೂ ಹಾಗೇ ಇರಲಿ. ಮನೆಯ ನಲ್ಲಿಯಿಂದ ನೀರು ಕೊಡುವಾಗ 40–50 ಪಿಎಸ್‌ಐ ನಿಲ್ಲಿಸುವ ಪ್ರೆಷರ್ ರೆಗ್ಯುಲೇಟರನ್ನು ನಲ್ಲಿಯ ಬಾಯಿಗೇ ಸಿಕ್ಕಿಸಿ, ಟ್ರೇಲರಿನ ಕಡೆಗಲ್ಲ. ಪೈಪೂ ಒತ್ತಡದಿಂದ ಉಳಿಯುತ್ತದೆ. ಬಣ್ಣ, ನೊರೆ ಹೋಗುವವರೆಗೆ ಒಂದೊಂದೇ ನಲ್ಲಿ ಬಿಡಿ: ಅಡುಗೆಮನೆ, ಬಚ್ಚಲು, ಕಮೋಡು, ಕೊನೆಗೆ ಹೊರಗಿನ ಷವರ್.

ಹೊರಗಿನ ಷವರ್ ಮನೆಯವರೆಲ್ಲ ಮರೆಯುವ ಜಾಗ, ಒಡೆಯುವುದೂ ಅದೇ ಮೊದಲು. ಅದು ಗೋಡೆಯ ಹೊರ ಪೆಟ್ಟಿಗೆಯಲ್ಲಿ, ಒಳಗಿನ ಶಾಖ ತಾಗದ ಕಡೆ ಕೂತಿರುತ್ತದೆ. ಆ್ಯಂಟಿಫ್ರೀಜ್ ತುಂಬುವಾಗ ಅದರ ಎರಡೂ ನಲ್ಲಿ ತೆರೆಯದಿದ್ದರೆ ಒಳಗೆ ನಿಂತ ಲೋಟದಷ್ಟು ನೀರು ಹೆಪ್ಪುಗಟ್ಟಿ ಪ್ಲಾಸ್ಟಿಕ್ ವಾಲ್ವು ಸೀಳುತ್ತದೆ. ಇಲ್ಲಿ ಸೀಳಿದ್ದು ಬಿಸಿನೀರಿನ ಬದಿ.

ಸೋರಿಕೆ ಹುಡುಕುವ ರೀತಿ ಇಷ್ಟೇ. ಟ್ಯಾಂಕಿಗೆ ಸ್ವಲ್ಪ ನೀರು ಹಾಕಿ, ಹೊರ ಪೈಪು ಬಿಚ್ಚಿ, ಪಂಪು ಹಾಕಿ. ಎಲ್ಲ ನಲ್ಲಿ ಮುಚ್ಚಿದಾಗ ಪಂಪು ನಿಲ್ಲಬೇಕು, ನಿಂತೇ ಇರಬೇಕು. ಐದು ನಿಮಿಷಕ್ಕೊಮ್ಮೆ ತಾನಾಗಿ ಗುಟುರು ಹಾಕಿದರೆ ಎಲ್ಲೋ ಒತ್ತಡ ಹೋಗುತ್ತಿದೆ. ನೆಲ ಒಣಗಿದ್ದೂ ಗುಟುರು ಹಾಕುತ್ತಿದ್ದರೆ ಎರಡು ಜಾಗ ನೋಡಿ: ಕಮೋಡಿನ ಬಟ್ಟಲಿಗೆ ನೀರು ಜಿನುಗುತ್ತಿರಬಹುದು, ಇಲ್ಲವೇ ಪಂಪಿನೊಳಗಿನ ಚೆಕ್ ವಾಲ್ವು ನೀರನ್ನು ಟ್ಯಾಂಕಿಗೇ ವಾಪಸು ಬಿಡುತ್ತಿರಬಹುದು. ಚೆಕ್ ವಾಲ್ವಿನ ತಪ್ಪು ಹಲವು ಸಲ ಒಂದು ಕಸದ ಚೂರಿನದು. ಪಂಪಿನ ಮುಂದಿನ ಜಾಲರಿ ಬಿಚ್ಚಿ ತೊಳೆಯುವುದರಿಂದ ಶುರು ಮಾಡಿ.

ಪೈಪು ಅರ್ಧ ಇಂಚಿನ ಪೆಕ್ಸ್, ಅಂದರೆ ಬಾಗುವ ಪ್ಲಾಸ್ಟಿಕ್ ಪೈಪು. ಷವರ್ ವಾಲ್ವಿನ ಹಿಂದಿನ ಎರಡು ಮೊಣಕೈ ಜೋಡಣೆಗಳನ್ನು ಹಿತ್ತಾಳೆಯವಕ್ಕೆ ಬದಲಿಸಲಾಯಿತು. ಪೈಪನ್ನು ಹ್ಯಾಕ್‌ಸಾದಲ್ಲಿ ಅಲ್ಲ, ಪೆಕ್ಸ್ ಕಟರಿನಲ್ಲಿ ನೇರಕ್ಕೆ ಕತ್ತರಿಸಿ, ತಾಮ್ರದ ಉಂಗುರ ಪೈಪಿನ ತುದಿಯಿಂದ ಎಂಟನೇ ಒಂದು ಇಂಚಿನಿಂದ ಕಾಲು ಇಂಚಿನೊಳಗೆ ಕೂತಿರುವಂತೆ ಕ್ರಿಂಪ್ ಮಾಡಿ (ಹಿಸುಕಿ ಬಿಗಿಸಿ), ಗೇಜ್ ಹಾಕಿ ನೋಡಬೇಕು. ಕ್ರಿಂಪ್ ಉಪಕರಣ ಹಿಡಿಯದ ಇಕ್ಕಟ್ಟಿನಲ್ಲಿ ಒತ್ತಿ ಸಿಕ್ಕಿಸುವ ಶಾರ್ಕ್‌ಬೈಟ್ ಜೋಡಣೆ ಆಗುತ್ತದೆ, ಆದರೆ ಪೈಪಿನ ತುದಿ ವಾರೆಯಾಗಿ ಕತ್ತರಿಸಿದ್ದರೆ ಅದರ ಒಳಗಿನ ರಬ್ಬರ್ ಉಂಗುರ ಹರಿಯುತ್ತದೆ. ಮನೆಯಲ್ಲಿ ಸರಿಯಾಗಿ ಕಂಡದ್ದು ರಸ್ತೆಯ ಅಲುಗಾಟಕ್ಕೆ ಸೋರುತ್ತದೆ.

ಈಗ ಬ್ಲೀಚ್. ವಾಸನೆ ಬೆರೆಸದ ಸಾದಾ ಬ್ಲೀಚು, 15 ಗ್ಯಾಲನ್ನಿಗೆ ಕಾಲು ಕಪ್ಪಿನ ಲೆಕ್ಕ. 40 ಗ್ಯಾಲನ್ನಿಗೆ ಸುಮಾರು 160 ಮಿಲಿಲೀಟರ್. ಬಕೆಟ್ ನೀರಿನಲ್ಲಿ ಕದಡಿ ಟ್ಯಾಂಕಿಗೆ ಸುರಿದು, ಟ್ಯಾಂಕು ತುಂಬಿಸಿ, ಪ್ರತಿ ನಲ್ಲಿಯಲ್ಲೂ ಬ್ಲೀಚಿನ ವಾಸನೆ ಬರುವವರೆಗೆ ಬಿಟ್ಟು, ನಾಲ್ಕು ಗಂಟೆ ಹಾಗೇ ಇಟ್ಟು ಖಾಲಿ ಮಾಡಬೇಕು. ಕುಡಿಯುವ ನೀರಿನ ಫಿಲ್ಟರ್ ಮೊದಲೇ ತೆಗೆದಿಟ್ಟಿರಬೇಕು. ಹೀಟರಿನ ಸುಣ್ಣ ಕರಗಿಸಲು ವಿನೆಗರ್ ಹಾಕುವ ಅಭ್ಯಾಸವಿದ್ದರೆ ಅದು ಬೇರೆ ದಿನ. ಬ್ಲೀಚೂ ವಿನೆಗರೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಹೀಟರಿನ ಸರದಿ ಬ್ಲೀಚಿಗಿಂತ ಮುಂಚೆಯೇ ಬರಬೇಕು, ಅದರೊಳಗೂ ಬ್ಲೀಚು ಓಡಾಡಬೇಕಲ್ಲ. ನೀರು ತಣ್ಣಗಿದೆ, ಪಂಪು ಬಂದ್ ಆಗಿದೆ ಎಂದು ನೋಡಿಕೊಂಡು, ಒತ್ತಡದ ವಾಲ್ವು ಎತ್ತಿ ಗಾಳಿ ಬಿಟ್ಟ ಮೇಲೆ 1 1/16 ಇಂಚಿನ ಸಾಕೆಟ್ಟಿನಿಂದ ಆನೋಡ್ ಕಡ್ಡಿ ಬಿಚ್ಚಿ. ಟ್ಯಾಂಕಿನ ಉಕ್ಕಿನ ಬದಲು ತಾನು ತುಕ್ಕು ತಿಂದು ಸವೆಯುವುದೇ ಅದರ ಕೆಲಸ. ಮುಕ್ಕಾಲು ಭಾಗ ಸವೆದಿದ್ದರೆ ಹೊಸದು. ಇಲ್ಲಿ ಬರೀ ನಡುವಿನ ತಂತಿ ಉಳಿದಿತ್ತು. ತೂತಿನಿಂದ ಕಡ್ಡಿ ನಳಿಕೆ ತೂರಿಸಿ ತೊಳೆದಾಗ ಸುಣ್ಣದ ಬಿಳಿ ಚೂರುಗಳು ಬೊಗಸೆಯಷ್ಟು ಬಂದವು. ಹೊಸ ಕಡ್ಡಿಯ ತಿರುಪಿಗೆ ಟೆಫ್ಲಾನ್ ಟೇಪು ಮೂರು ಸುತ್ತು. ಅಲ್ಯೂಮಿನಿಯಂ ಟ್ಯಾಂಕಿನ ಹೀಟರುಗಳಿಗೆ ಈ ಕಡ್ಡಿ ಇರುವುದಿಲ್ಲ, ಬರೀ ಪ್ಲಾಸ್ಟಿಕ್ ಬಿರಡೆ. ಅವಕ್ಕೆ ಆನೋಡ್ ತಂದು ತಿರುಗಿಸಬಾರದು.

ಬೈಪಾಸ್ ತಿರುಗಿಸಿ ಹೀಟರ್ ತುಂಬಿಸಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ನಿಂತು ಧಾರೆ ಬಂದ ಮೇಲೆ ಮಾತ್ರ ಸ್ವಿಚ್ಚು. ಖಾಲಿ ಟ್ಯಾಂಕಿಗೆ ಕರೆಂಟಿನ ಸ್ವಿಚ್ಚು ಹಾಕಿದರೆ ಒಳಗಿನ ಕಾಯಿಲ್ ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತದೆ.

ಚಾವಣಿಗೆ ಅರ್ಧ ದಿನ ಸಾಕಾಯಿತು. ಗಾಳಿಕಿಂಡಿ, ಆ್ಯಂಟೆನಾ, ಮುಂದಿನ ಅಂಚಿನ ಸುತ್ತ ಹಳೆಯ ಸೀಲಂಟ್ ಕೂದಲೆಳೆಯ ಬಿರುಕು ಬಿಟ್ಟಿತ್ತು. ಸಡಿಲವಾದದ್ದನ್ನು ಮಾತ್ರ ಪ್ಲಾಸ್ಟಿಕ್ ಚಾಕುವಿನಿಂದ ಕೆರೆದು, ಒರೆಸಿ, ಡೈಕಾರ್ ಕಂಪನಿಯ ಲ್ಯಾಪ್ ಸೀಲಂಟ್ ಮೂರು ಟ್ಯೂಬು. ಮಟ್ಟಸ ಚಾವಣಿಗೆ ತಾನೇ ಹರಡಿಕೊಳ್ಳುವ ಬಗೆ, ನೇರ ಗೋಡೆಯ ಅಂಚಿಗೆ ಹರಿಯದ ಬಗೆ. ಸಿಲಿಕೋನ್ ಬೇಡವೇ ಬೇಡ. ರಬ್ಬರ್ ಚಾವಣಿಗೆ ಅದು ಹಿಡಿಯುವುದಿಲ್ಲ, ಅದರ ಮೇಲೆ ಮುಂದೆ ಬೇರೇನೂ ಹಿಡಿಯುವುದಿಲ್ಲ.

ಮೂರನೆಯ ವಾರಾಂತ್ಯ: ಬ್ಯಾಟರಿ, ಫರ್ನೇಸ್, ಗ್ಯಾಸು

ಬೆಳಗಿನ ಜಾವ ಮೂರಕ್ಕೆ ಫರ್ನೇಸ್ ಹೊತ್ತಿಕೊಳ್ಳದಿದ್ದರೆ ಎಲ್ಲರೂ ಗ್ಯಾಸಿನ ಸಿಲಿಂಡರ್ ಅಲ್ಲಾಡಿಸಲು ಓಡುತ್ತಾರೆ. ಹೆಚ್ಚಿನ ಸಲ ತಪ್ಪು ಬ್ಯಾಟರಿಯದು. ಫರ್ನೇಸಿನ ನಡೆ ನೋಡಿದರೆ ಗೊತ್ತಾಗುತ್ತದೆ: ಥರ್ಮೋಸ್ಟಾಟ್ ಕರೆದಾಗ ಮೊದಲು ಫ್ಯಾನ್ ತಿರುಗುತ್ತದೆ. ಆ ಗಾಳಿ ಒಂದು ತೆಳು ತಗಡಿನ ರೆಕ್ಕೆಯನ್ನು, ಅಂದರೆ ಸೇಲ್ ಸ್ವಿಚ್ಚನ್ನು, ತಳ್ಳಿದರೆ ಮಾತ್ರ ಗ್ಯಾಸು ತೆರೆದು ಕಿಡಿ ಹಾರುತ್ತದೆ. ವೋಲ್ಟೇಜ್ ಕುಸಿದಾಗ ಫ್ಯಾನ್ ತಿರುಗುತ್ತಿರುತ್ತದೆ, ಆದರೆ ರೆಕ್ಕೆ ತಳ್ಳುವಷ್ಟು ಬಿರುಸಿರುವುದಿಲ್ಲ. ತಣ್ಣನೆ ಗಾಳಿ ಊದುತ್ತಾ ಉಳಿದ ಬ್ಯಾಟರಿಯನ್ನೂ ತಿಂದು ಹಾಕುತ್ತದೆ. ರೆಕ್ಕೆಗೆ ನಾಯಿಕೂದಲು, ಧೂಳು ಸುತ್ತಿಕೊಂಡರೂ ಇದೇ ಲಕ್ಷಣ. ವೋಲ್ಟೇಜ್ ಸರಿಯಿದ್ದೂ ಹೀಗಾದರೆ ಫರ್ನೇಸ್ ಹೊರಗೆಳೆದು ಆ ಸ್ವಿಚ್ಚು ಒರೆಸಬೇಕು.

ಹಾಗಾಗಿ ಲೆಕ್ಕ ಮೊದಲೇ ಹಾಕಿಟ್ಟದ್ದು ಹೀಗೆ. ಎರಡು ಗಾಲ್ಫ್ ಕಾರ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ 12 ವೋಲ್ಟು, 225 ಆಂಪಿಯರ್-ಗಂಟೆ. ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಕೆಳಗಿಳಿಸಬಾರದು, ಕೈಗೆ ಸಿಗುವುದು 110ರಷ್ಟು. ಫರ್ನೇಸ್ ಫ್ಯಾನ್ 8 ಆಂಪಿಯರ್, ಚಳಿ ರಾತ್ರಿಯಲ್ಲಿ ಒಟ್ಟು ಮೂರೂವರೆ ಗಂಟೆ ಓಡಿದರೆ 28. ಫ್ರಿಜ್ಜಿನ ಬೋರ್ಡು, ಗ್ಯಾಸ್ ಅಲಾರಂ ಇತ್ಯಾದಿ ಸದ್ದಿಲ್ಲದೆ ಹೀರುವುದು ದಿನಕ್ಕೆ 12ರಿಂದ 15. ದೀಪ, ಪಂಪು, ಫೋನು ಸೇರಿ ಇನ್ನು ಏಳೆಂಟು. ದಿನಕ್ಕೆ 50 ಎಂದಿಟ್ಟುಕೊಳ್ಳಿ. ಎರಡು ರಾತ್ರಿಯಾದ ಮೇಲೆ ಜನರೇಟರ್ ಹಾಕಲೇಬೇಕು. ಮಿಕ್ಸಿ ಈ ಲೆಕ್ಕದಲ್ಲಿ ಇಲ್ಲ. ಊರಿನಿಂದ ತಂದ 230 ವೋಲ್ಟಿನ ಮಿಕ್ಸಿ ಅಮೆರಿಕದ ಜನರೇಟರಿನ 120 ವೋಲ್ಟಿಗೆ ತಿರುಗದು, ಚಟ್ನಿ ಮನೆಯಲ್ಲೇ ರುಬ್ಬಿ ಫ್ರೀಜ್ ಮಾಡಿಟ್ಟರೆ ಸರಿ.

ಚಳಿಗಾಲವಿಡೀ ನಿಂತ ಬ್ಯಾಟರಿಯಲ್ಲಿ 12.1 ವೋಲ್ಟು ಕಂಡಿತು, ಅಂದರೆ ಸುಮಾರು ಅರ್ಧ. ತಟ್ಟೆಗಳು ಮುಳುಗುವಷ್ಟು ಡಿಸ್ಟಿಲ್ಡ್ ನೀರು ಹಾಕಿ, ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಬಾಯಿಯ ಕೆಳಗಿನ ಕಂಠದಿಂದ ಎಂಟನೇ ಒಂದು ಇಂಚು ಕೆಳಗಿನವರೆಗೆ ತುಂಬಬೇಕು. ಚಾರ್ಜಿಗೆ ಮೊದಲೇ ತುಂಬಿಸಿದರೆ ಉಕ್ಕಿ ಆಸಿಡ್ ಹೊರಚೆಲ್ಲುತ್ತದೆ. ಬ್ಯಾಟರಿ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಆರೂ ಸೆಲ್ಲುಗಳು 1.255ರಿಂದ 1.270ರೊಳಗೆ ಬಂದವು. ಸೆಲ್ಲುಗಳ ನಡುವೆ 0.050ಕ್ಕಿಂತ ಹೆಚ್ಚು ಅಂತರವಿದ್ದರೆ ಆ ಬ್ಯಾಟರಿಯ ಆಸೆ ಬಿಡಬೇಕು. ಲಿಥಿಯಂ ಬ್ಯಾಟರಿ ಹಾಕಿಕೊಂಡವರಿಗೆ ಬೇರೆ ಎಚ್ಚರಿಕೆ: ಸೆಲ್ಲಿನ ಶಾಖ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದಾಗ ಚಾರ್ಜ್ ಮಾಡಬಾರದು. ಬೆಟ್ಟದ ಬೆಳಿಗ್ಗೆ 8ಕ್ಕೆ ಸರಿಯಾಗಿ ಜನರೇಟರ್ ಹಾಕುವವರು ಇದನ್ನು ನೆನಪಿಡಿ.

ಗ್ಯಾಸಿನ ಲೆಕ್ಕ ಸುಲಭ. ಒಂದು ಗ್ಯಾಲನ್ ಪ್ರೊಪೇನಿನಲ್ಲಿ ಸುಮಾರು 91,500 ಬಿಟಿಯು. ಮೂರೂವರೆ ಗಂಟೆಗೆ ಫರ್ನೇಸ್ ತಿನ್ನುವುದು 1,05,000, ಅಂದರೆ 1.15 ಗ್ಯಾಲನ್. 20 ಪೌಂಡಿನ ಸಿಲಿಂಡರಿನಲ್ಲಿ 4.7 ಗ್ಯಾಲನ್. ಒಂದು ಸಿಲಿಂಡರ್ ಫರ್ನೇಸಿಗೇ ನಾಲ್ಕು ರಾತ್ರಿ, ಇನ್ನೊಂದು ಒಲೆ, ಫ್ರಿಜ್ಜು, ಬಿಸಿನೀರಿಗೆ. ಕಾಲರಿನಲ್ಲಿ ಒತ್ತಿರುವ ತಾರೀಖನ್ನೂ ನೋಡಿ. ಅವಧಿ ಮುಗಿದದ್ದನ್ನು ಅಂಗಡಿಯಲ್ಲಿ ತುಂಬಿಸಿಕೊಡುವುದಿಲ್ಲ.

ಸಿಲಿಂಡರ್ ವಾಲ್ವನ್ನು ನಿಧಾನ ತೆರೆಯಬೇಕು. ಒಮ್ಮೆಲೇ ತಿರುಗಿಸಿದರೆ ಪೈಪು ಹರಿದಿದೆ ಎಂದು ತಿಳಿದು ಒಳಗಿನ ತಡೆ ಮುಚ್ಚಿಕೊಳ್ಳುತ್ತದೆ, ಒಲೆಯಲ್ಲಿ ಮಿಣುಕು ಉರಿ ಮಾತ್ರ. ಹಾಗಾದರೆ ಎಲ್ಲ ಮುಚ್ಚಿ ಒಂದೆರಡು ನಿಮಿಷ ಬಿಟ್ಟು ಮತ್ತೆ ಮೆಲ್ಲಗೆ ತೆರೆಯಿರಿ. ಪ್ರತಿ ಜೋಡಣೆಗೂ ಸೋಪುನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಇಲ್ಲಿ ಸಿಲಿಂಡರಿಗೆ ಬರುವ ರಬ್ಬರ್ ಪೈಪಿನ ಮಡಿಕೆಯಲ್ಲಿ ಗುಳ್ಳೆ ಎದ್ದವು, ಎರಡೂ ಪೈಪು ಹೊಸದು. ಗ್ಯಾಸಿನ ಒತ್ತಡ ಅಳೆಯುವ ಮ್ಯಾನೋಮೀಟರಿನಲ್ಲಿ ರೆಗ್ಯುಲೇಟರ್ 11 ಇಂಚು ನೀರಿನ ಮಟ್ಟದ ಒತ್ತಡ ತೋರಿಸಿತು, ಅದು ಸರಿ.

ಪ್ರೊಪೇನಿಗೆ ಬೆರೆಸುವ ದುರ್ವಾಸನೆ ಜೇಡವನ್ನೂ ಕಣಜವನ್ನೂ ಸೆಳೆಯುತ್ತದೆ ಎಂಬ ಮಾತಿದೆ. ಕಾರಣ ಏನೇ ಇರಲಿ, ಬಂದು ಸೇರಿಕೊಳ್ಳುವುದಂತೂ ನಿಜ. ಫರ್ನೇಸಿನ ಹೊರ ಕೊಳವೆಯಲ್ಲಿ ಮಣ್ಣಿನ ಗೂಡು, ಫ್ರಿಜ್ಜಿನ ಬರ್ನರಿನಲ್ಲಿ ಬಲೆ. ಫ್ರಿಜ್ಜಿನ ಉರಿ ನೀಲಿಯಾಗಿ ನೆಟ್ಟಗೆ ನಿಲ್ಲಬೇಕು, ಹಳದಿಯಾಗಿ ಅಲುಗಾಡಿದರೆ ಬರ್ನರ್ ಬಿಚ್ಚಿ ಊದಿ. ಅದರ ಸಣ್ಣ ಜೆಟ್ಟಿನ ತೂತಿಗೆ ಪಿನ್ ಚುಚ್ಚಬಾರದು, ತೂತು ಹಿಗ್ಗುತ್ತದೆ. ಆಲ್ಕೊಹಾಲಿನಲ್ಲಿ ನೆನೆಹಾಕಿ ಒಣಗಿಸಿದರೆ ಸಾಕು. ಅಂದಹಾಗೆ ಈ ಬಗೆಯ ಫ್ರಿಜ್ಜಿಗೆ ಮಟ್ಟ ಮುಖ್ಯ. ಒಳಗಿನ ಅಮೋನಿಯಾ ತನ್ನ ಭಾರಕ್ಕೇ ಹರಿದು ಸುತ್ತುವುದು, ಗಾಡಿ ವಾಲಿ ನಿಂತರೆ ಎಲ್ಲೋ ನಿಂತುಬಿಡುತ್ತದೆ. ಫ್ರೀಜರಿನೊಳಗೆ ಗುಳ್ಳೆಮಟ್ಟ ಇಟ್ಟು ನೋಡಿ ಆಮೇಲೆ ಹೊತ್ತಿಸಿ.

ನೆಲದ ಹತ್ತಿರದ ಪ್ರೊಪೇನ್ ಅಲಾರಂ 2015ರದೇ. ಅವುಗಳ ಆಯುಸ್ಸು ಐದರಿಂದ ಏಳು ವರ್ಷ. ಹಸಿರು ದೀಪ ಉರಿಯುತ್ತಿತ್ತು, ಆದರೂ ಬದಲಿಸಿದ್ದು: ಎರಡು ತಂತಿ, ಎರಡು ಸ್ಕ್ರೂ. ಪ್ರೊಪೇನ್ ಗಾಳಿಗಿಂತ ಭಾರ, ಅದಕ್ಕೇ ಅದನ್ನು ಕೆಳಗೆ ಕೂರಿಸುವುದು. ಮೇಲಿನ ಹೊಗೆ ಅಲಾರಂ ಸಾಸಿವೆ ಒಗ್ಗರಣೆಗೆ ಖಂಡಿತ ಕೂಗುತ್ತದೆ. ಅದರ ಬ್ಯಾಟರಿ ಕಿತ್ತಿಡುವ ಬದಲು ಒಲೆಯ ಮೇಲಿನ ಫ್ಯಾನಿನ ಹೊರ ಮುಚ್ಚಳದ ಚಿಲಕ ತೆಗೆದಿದೆಯೇ ನೋಡಿ.

ಅಂಗಳದಲ್ಲಿ ಒಂದು ರಾತ್ರಿ

ಕರೆಂಟಿನ ವೈರು ಕಿತ್ತು, ಟ್ಯಾಂಕಿನ ನೀರು, ಸಿಲಿಂಡರಿನ ಗ್ಯಾಸು, ಬ್ಯಾಟರಿ ಇಷ್ಟರಲ್ಲೇ ಹನ್ನೆರಡು ಗಂಟೆ. ಫ್ರಿಜ್ಜನ್ನು ಹಿಂದಿನ ದಿನವೇ ಹಾಕಿರಬೇಕು, ಅದು ತಣ್ಣಗಾಗಲು ಹಲವು ಗಂಟೆ ಬೇಕು. ಹೊರಗೆ 38 ಡಿಗ್ರಿ ಫ್ಯಾರನ್‌ಹೀಟ್, ಒಳಗೆ 62ಕ್ಕೆ ಥರ್ಮೋಸ್ಟಾಟ್. ಬೆಳಿಗ್ಗೆ ಫರ್ನೇಸ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಬ್ಯಾಟರಿ 12.7ರಿಂದ 12.5 ವೋಲ್ಟಿಗೆ ಇಳಿದಿತ್ತು. ಲೆಕ್ಕ ತಪ್ಪಿಲ್ಲ. ಪಂಪು ರಾತ್ರಿಯಿಡೀ ಒಮ್ಮೆಯೂ ಗುಟುರು ಹಾಕಲಿಲ್ಲ. ಹೊಸದಾಗಿ ಸಿಕ್ಕ ದೋಷ ಒಂದೇ: ಬಚ್ಚಲಿನ ಸಿಂಕಿನ ಕೆಳಗಿನ ಯು ಪೈಪಿನ ನಟ್ಟು ಚಳಿಗೆ ಸಡಿಲಾಗಿ ಹನಿ ಹನಿ ತೊಟ್ಟಿಕ್ಕುತ್ತಿತ್ತು. ಒತ್ತಡವಿಲ್ಲದ ಪೈಪು, ಪಂಪಿನ ಪರೀಕ್ಷೆಗೆ ಅದು ಸಿಗುವುದಿಲ್ಲ.

ಘಾಟಿ

ತುಂಬಿದ ನೀರಿನ ಟ್ಯಾಂಕು 330 ಪೌಂಡು. ಸ್ಮೋಕ್‌ಮಾಂಟ್‌ನಲ್ಲಿ ಟ್ರೇಲರಿಗೆ ಪೈಪಿನ ಸಂಪರ್ಕವಿಲ್ಲದ ಕಾರಣ ತುಂಬಿಸಿಯೇ ಹೊರಡುವುದು ಸರಿ, ಆದರೆ ಟ್ಯಾಂಕು ಆಕ್ಸಲ್‌ನ ಮುಂದಿದೆಯೋ ಹಿಂದಿದೆಯೋ ನೋಡಿ ತೂಕ ಹೊಂದಿಸಬೇಕು. ಕೊಂಡಿಯ ಮೇಲೆ ಒಟ್ಟು ಭಾರದ 10ರಿಂದ 15 ಶೇಕಡ ಬೀಳಬೇಕು: ಇಲ್ಲಿ 560ರಿಂದ 840 ಪೌಂಡು. ಹಿಂದಿನ ಟ್ಯಾಂಕು ತುಂಬಿ ಮೂಗು ಹಗುರವಾದರೆ ಟ್ರೇಲರ್ ಹಾವಿನಂತೆ ಬಳುಕುತ್ತದೆ.

ದಾರಿಯಲ್ಲಿ ಎರಡು ಏರು. ಐ-26 ಹೆದ್ದಾರಿಯಲ್ಲಿ ಸಲೂಡಾ, 6 ಶೇಕಡ ಏರು. ವೇನ್ಸ್‌ವಿಲ್ ದಾಟಿದ ಮೇಲೆ ಬಾಲ್ಸಂ ಗ್ಯಾಪ್, 3,370 ಅಡಿ. ಹತ್ತುವಾಗ ಎಂಜಿನ್ ಕಾವು ನೋಡಿಕೊಂಡು ಬಲಗಡೆ ಲೇನಿನಲ್ಲಿ ಲಾರಿಗಳ ಹಿಂದೆ ಹೋದರಾಯಿತು. ಪರೀಕ್ಷೆ ಇರುವುದು ವಾಪಸಾಗುವಾಗ ಸಲೂಡಾ ಇಳಿಯುವಲ್ಲಿ. ಭಾರ ಎಳೆಯಲೆಂದೇ ಇರುವ ಟೋ-ಹಾಲ್ ಮೋಡಿನಲ್ಲಿ, ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡಬೇಕು. ಕಾಲು ಇಟ್ಟೇ ಇಳಿದರೆ ಡ್ರಮ್ ಕಾದು ಹಿಗ್ಗುತ್ತದೆ, ಶೂಗೆ ಎಟುಕುವುದಿಲ್ಲ.

ಪ್ರತಿ ನಿಲುಗಡೆಯಲ್ಲಿ ನಾಲ್ಕು ಹಬ್ಬಿಗೂ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಅಂಕಿ ಎಷ್ಟೆಂಬುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯೇ ಎಂಬುದು ಮುಖ್ಯ. ಒಂದು ಮಾತ್ರ ಉಳಿದವಕ್ಕಿಂತ ಬಹಳ ಬಿಸಿಯಿದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕು ಹಿಡಿದಿದೆ. ಒಂದು ಮಾತ್ರ ತಣ್ಣಗಿದ್ದರೆ ಆ ಬ್ರೇಕು ಕೆಲಸ ಮಾಡುತ್ತಿಲ್ಲ. ಬಿಸಿ ಟೈರಿನಲ್ಲಿ ಒತ್ತಡ ಏರಿರುತ್ತದೆ, ಗಾಳಿ ಬಿಡಬೇಡಿ. ಬೆಟ್ಟದ ಬೆಳಿಗ್ಗೆ ಅದೇ ಟೈರು ಮೂರ್ನಾಲ್ಕು ಪಿಎಸ್‌ಐ ಕಡಿಮೆ ತೋರಿಸುವುದೂ ಸಹಜ, 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ.

ಕಟ್ಟಿಗೆ ಮನೆಯಿಂದ ಕೊಂಡೊಯ್ಯುವಂತಿಲ್ಲ. ಮರ ತಿನ್ನುವ ಹುಳು ಹರಡದಿರಲೆಂದು ಈ ಉದ್ಯಾನದಲ್ಲಿ ಶಾಖ ಕೊಟ್ಟು ಮುದ್ರೆ ಒತ್ತಿದ ಕಟ್ಟಿಗೆಯನ್ನಷ್ಟೇ ಬಿಡುತ್ತಾರೆ, ಚೆರೋಕೀಯಲ್ಲಿ ಸಿಗುತ್ತದೆ. ಅಡುಗೆ ಸಾಮಾನು, ಎಣ್ಣೆ ಡಬ್ಬಿ, ತೊಳೆಯದ ಪಾತ್ರೆ ಯಾವುದೂ ರಾತ್ರಿ ಹೊರಗಿರಬಾರದು. ಕರಡಿಗಳಿಗೆ ಒಗ್ಗರಣೆ ವಾಸನೆ ಬಲು ದೂರದಿಂದ ಬರುತ್ತದೆ. ಹೊರಡುವ ದಿನ ಕೊಳೆನೀರು ಬಿಡುವ ಡಂಪ್ ಸ್ಟೇಷನ್ನಿನಲ್ಲಿ ಮೊದಲು ಕಮೋಡಿನ ಟ್ಯಾಂಕು, ಆಮೇಲೆ ಸಿಂಕಿನದು, ಸೋಪುನೀರು ಪೈಪು ತೊಳೆದುಕೊಂಡು ಹೋಗುತ್ತದೆ.

ಬಾಕಿ ಉಳಿದದ್ದು: ಬ್ಯಾಟರಿ ಚಾರ್ಜ್ ಮಾಡುವ ಹಳೆ ಕನ್ವರ್ಟರ್ 13.6 ವೋಲ್ಟಿನಲ್ಲೇ ನಿಂತಿರುತ್ತದೆ, ಹಾಗಾಗಿ ಎರಡು ಗಂಟೆ ಜನರೇಟರ್ ಓಡಿಸಿದರೂ ಬ್ಯಾಟರಿಗೆ ಸೇರುವುದು ಕಡಿಮೆ. 14.4ಕ್ಕೆ ಏರುವ ಹೊಸದು ಹಾಕಬೇಕು. ಹಿಂದಿನ ಎಡ ಮೂಲೆಯ ಕಪಾಟಿನೊಳಗೆ ಗೋಡೆ ಒತ್ತಿದರೆ ಸ್ವಲ್ಪ ಮೆತ್ತಗಿದೆ. ಮೇಲಿನ ಅಂಚಿಗೆ ಸೀಲಂಟ್ ಹಾಕಿಯಾಗಿದೆ, ಮೇ ತಿಂಗಳ ಮಳೆಯ ನಂತರ ತೇವದ ಮೀಟರ್ ಚುಚ್ಚಿ ನೋಡುವುದು, ಏರಿದ್ದರೆ ಹೊರ ತಗಡು ಬಿಚ್ಚುವುದು. ಹೊರಗಿನ ಷವರಿನ ಪೈಪಿಗೆ ಒಳಗಿನಿಂದ ಮುಚ್ಚುವ ಎರಡು ಬಾಲ್ ವಾಲ್ವು, ಅರ್ಧ ಇಂಚಿನವು, ತಂದಿಟ್ಟಿದೆ. ನವೆಂಬರಿಗೆ ಮುಂಚೆ ಕೂರಿಸಬೇಕು.